ಖಾಲಿ ಗಾಜೂ ಹೊಳೆಯಿತು

ಲ್ಯಾಬ್ ಡೈರೆಕ್ಟರ್ ಸಾಕಿಕೊಂಡಿದ್ದ ದಾಂಡಿಗನ ಕೈ ನನ್ನ ಕುತ್ತಿಗೆಯ ಮೇಲಿತ್ತು. ಸೀಸೆ ನನ್ನ ಮುಷ್ಟಿಯೊಳಗಿತ್ತು.

"ಕೊಡು ಅದನ್ನ," ಅಂದ.

ಕೊಟ್ಟೆ... ಮೊಣಕಾಲಿನಿಂದ, ಹೊಟ್ಟೆಗೆ! ಅವನು ಸ್ಟೂಲುಗಳ ಮೇಲೆ ಮಗುಚಿ ಬಿದ್ದ. ಮೇಜಿನ ಮೇಲಿದ್ದ ನೀಲಿ ಟಾರ್ಚನ್ನೂ ಎತ್ತಿಕೊಂಡು ಓಡಿದೆ.

ಅಷ್ಟು ಸಿಟ್ಟು ಯಾಕೆ ಅಂತೀರಾ? ಕೇಳಿ.

ಮೇಲಿನ ಮಹಡಿಯಲ್ಲಿ, ಆಪರೇಷನ್ ಥಿಯೇಟರಿನಲ್ಲಿ ನನ್ನ ಅಕ್ಕ ಮಲಗಿದ್ದಳು. ಇನ್ನೇನು ಅವಳ ಸ್ತನ ತೆಗೆಯುವವರಿದ್ದರು. ಅದಕ್ಕೆ ಕಾರಣ ಈ ಸೀಸೆ. ಇದರಲ್ಲಿರುವುದಕ್ಕೆ ಪ್ರೋಬ್ ಅಂತಾರೆ, ಹೊಳೆಯುವ ಬಣ್ಣ. ಗಂಟಿನಿಂದ ತೆಗೆದ ಚೂರಿಗೆ ಹನಿಸಿ ನೀಲಿ ಬೆಳಕು ಬಿಡುತ್ತಾರೆ. ಕ್ಯಾನ್ಸರ್ ಕೋಶದೊಳಗಿನ ಒಂದು ರಾಸಾಯನಿಕ ತಾಗಿದರಷ್ಟೇ ಅದು ಹಸಿರಾಗಿ ಹೊಳೆಯಬೇಕು. ಬೇರೆಲ್ಲಿ ಹಾಕಿದರೂ ಕತ್ತಲೆ.

ಅಕ್ಕನ ಚೂರು ಹೊಳೆದಿತ್ತು. ಪಕ್ಕದ ಮಂಚದವಳದ್ದೂ, ಅದರಾಚೆಯವಳದ್ದೂ.

"ಈ ವಾರ್ಡಲ್ಲಿ ಎಲ್ರೂ ಪಾಸ್ ಕಣೋ," ಅಂತ ಅಕ್ಕ ನಕ್ಕಿದ್ದಳು.

ನನಗೆ ನಗು ಬರಲಿಲ್ಲ. ನಾನು ಪತ್ತೇದಾರ. ಎಲ್ಲರೂ ಪಾಸಾದ ಪರೀಕ್ಷೆಯಲ್ಲಿ ಕಾಪಿ ನಡೆದೇ ಇರುತ್ತದೆ.

ಲ್ಯಾಬಿಗೆ ನುಗ್ಗಿ ಖಾಲಿ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೀಲಿ ಟಾರ್ಚ್ ಹಿಡಿದೆ. ಕೋಶವಿಲ್ಲ, ರಕ್ತವಿಲ್ಲ, ಏನೂ ಇಲ್ಲ... ಆದರೂ ಹೊಳೆಯಿತು! ದಿನಾ ಮೊದಲು ಹೀಗೆ ಖಾಲಿ ಗಾಜಿಗೆ ಹನಿಸಿ ನೋಡುವುದು ಆ ಕೆಲಸದ ಅಆಇಈ. ಡೈರೆಕ್ಟರ್ ಅದನ್ನೇ ನಿಲ್ಲಿಸಿದ್ದ. ದುಡ್ಡು ಹೊಡೆಯಲು ಅಸಲಿ ಪ್ರೋಬಿನ ಬದಲು, ಎಲ್ಲಿ ಬಿದ್ದರೂ ಹೊಳೆಯುವ ಅಗ್ಗದ ಬಣ್ಣ ತುಂಬಿಸಿದ್ದ. ಅಕ್ಕನಿಗಿಂತ ಮೊದಲು ಎಷ್ಟು ಹೆಂಗಸರನ್ನು ಕೊಯ್ಯಿಸಿದ್ದನೋ! ಮೈಯೆಲ್ಲ ಉರಿಯುತ್ತಿದ್ದಾಗಲೇ ಆ ದಾಂಡಿಗ ಬಂದು ಕುತ್ತಿಗೆ ಹಿಡಿದಿದ್ದ.

ಮೆಟ್ಟಿಲು ಹಾರಿ ಥಿಯೇಟರಿನ ಬಾಗಿಲಿಗೆ ಬಂದೆ. ಸರ್ಜನ್ ಮೇಡಂ ಕೈಗವಸು ಹಾಕುತ್ತಿದ್ದರು. ಪಕ್ಕದಲ್ಲೇ ಡೈರೆಕ್ಟರ್.

"ಪಾಪ, ಅಕ್ಕನ ಚಿಂತೇಲಿ ತಲೆ ಕೆಟ್ಟಿದೆ. ನೀವು ಶುರು ಮಾಡಿ ಮೇಡಂ," ಅಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು.

"ಲೈಟ್ ಆರಿಸಿ ಮೇಡಂ," ಅಂದೆ. "ಒಂದೇ ನಿಮಿಷ."

ಅವರು ನನ್ನ ಮುಖ ನೋಡಿದರು. ಆರಿಸಿದರು.

ಡೈರೆಕ್ಟರ್ ಜಾರಿಕೊಳ್ಳಲು ನೋಡಿದ. ಮಣಿಕಟ್ಟು ಹಿಡಿದು ತಿರುಚಿದೆ. ಸೀಸೆಯನ್ನು ಅವನ ಅಂಗೈಗೇ ಸುರಿದು ಟಾರ್ಚ್ ಬಿಟ್ಟೆ.

ಬೆರಳುಗಳೆಲ್ಲ ಹಸಿರಾಗಿ ಹೊಳೆದವು.

ಮೇಡಂ ಕೈಗವಸು ಕಿತ್ತು ಎಸೆದರು. ಅಕ್ಕನನ್ನು ವಾರ್ಡಿಗೆ ಕಳಿಸಿ, ಚೂರನ್ನು ಬೇರೆ ಲ್ಯಾಬಿಗೆ ಕಳಿಸಿ ಅಂತ ನರ್ಸಿಗೆ ಹೇಳಿದರು.

ನಾನು ಡೈರೆಕ್ಟರನ ಕೈ ಬಿಡಲಿಲ್ಲ.

"ಮಂಚ ಖಾಲಿ ಆಯ್ತು ಸಾರ್," ಅಂದೆ. "ನಿಮ್ಮ ಪರೀಕ್ಷೆ ಪ್ರಕಾರ ನಿಮಗೂ ಕ್ಯಾನ್ಸರ್. ಮಲಗಿ... ಮೊದಲು ಈ ಕೈ ತೆಗೆಯೋಣ."