ನಿಸರ್ಗಳ ಕೋಣೆಯ ಬೂಷ್ಟು

"ಮುಂದಿನ ಗುರುವಾರ ಅವಳನ್ನ ಮೈಸೂರಿಗೆ ಕಳಿಸಿಬಿಡ್ತಾರಂತೆ ಆಂಟಿ," ಎಂದು ಪ್ರಣತಿ ಐಡಾ ಆಂಟಿಯ ಬಾಗಿಲಲ್ಲಿ ನಿಂತು ಹೇಳಿದಾಗ, ಅಲ್ಲೇ ಚಹಾ ಕುಡಿಯುತ್ತಿದ್ದ ಮೈತ್ರೇಯಿ ಲೋಟ ಕೆಳಗಿಟ್ಟಳು.

ಪ್ರಣತಿಯ ನಾಲ್ಕು ವರ್ಷದ ಮಗಳು ನಿಸರ್ಗ ಈ ಪರದೇಶದಲ್ಲಿ ಜೂನ್‌ಗೇ ಶುರುವಾಗುವ ಚಳಿಗಾಲದಲ್ಲಿ ಉಬ್ಬಸದಿಂದ ಎರಡು ಸಲ ಆಸ್ಪತ್ರೆ ಸೇರಿದ್ದಳು. ಅವಳ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಎಷ್ಟು ಉಜ್ಜಿದರೂ ವಾರದಲ್ಲಿ ಮತ್ತೆ ಹಾಜರ್. ಹೆಂಡತಿ ಒದ್ದೆ ಬಟ್ಟೆಯನ್ನು ಮನೆಯೊಳಗೆ ಹರವುವುದೇ ಕಾರಣ ಎಂದು ಗಂಡ ಗುರುದತ್ ತೀರ್ಮಾನಿಸಿ, ಮಗುವಿಗೂ ತನ್ನ ತಾಯಿ ಕಸ್ತೂರಿಗೂ ಟಿಕೆಟ್ ಮಾಡಿಸಿದ್ದ.

ಐಡಾ ಆಂಟಿ ಕುವೈತಿನ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಲಾಂಡ್ರಿ ನೋಡಿಕೊಂಡವರು. ಪಿಯಾರಾ ವಾಟರ್ಸ್ ಬಡಾವಣೆಯ ಯಾವ ಮನೆಯ ಗುಟ್ಟೂ ಅವರ ಮುಂದೆ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಅವರಿಗೆ ಮೈತ್ರೇಯಿಯೇ ಸಾರಥಿ. ತಲೆ ಅವರದು, ಪೆಟ್ರೋಲು ತನ್ನದು ಎಂದು ಅವಳು ಗೊಣಗುವುದೂ ಉಂಟು.

ಮೂವರೂ ಪ್ರಣತಿಯ ಮನೆಗೆ ಹೋಗಿ ನೋಡಿದರೆ, ಬೂಷ್ಟಿದ್ದದ್ದು ಒಂದೇ ಗೋಡೆಗೆ. ಅದರ ಆಚೆ ಬದಿ ಬಟ್ಟೆ ಒಗೆಯುವ ಕೋಣೆ.

"ಒದ್ದೆ ಬಟ್ಟೆ ಎಲ್ಲಿ ಹಾಕುವುದು ನೀನು?" ಎಂದು ಆಂಟಿ ಕೇಳಿದರು.

"ಹಾಲ್‌ನಲ್ಲಿ. ಡ್ರೈಯರ್‌ನಲ್ಲಿ ಮೂರು ಗಂಟೆ ಬಿಟ್ರೂ ಒಣಗಲ್ಲ ಆಂಟಿ. ಮೇ ತನಕ ಒಂದೇ ಗಂಟೆ ಸಾಕಿತ್ತು."

ಹಾಲಿನ ಗೋಡೆಗಳು ಶುಭ್ರವಾಗಿದ್ದವು. ಆಂಟಿ ಹಿತ್ತಲಿಗೆ ನಡೆದರು. ಡ್ರೈಯರಿನ ಬಿಸಿಗಾಳಿ ಹೊರಬರುವ ಕಿಂಡಿಯ ಎದುರಿಗೇ, ಎತ್ತರದ ಸ್ಟೂಲಿನ ಮೇಲೆ ತುಲಸಿ ಕುಂಡವಿತ್ತು.

"ಜೂನ್‌ನಲ್ಲಿ ಊರಿಂದ ಬಂದ ವಾರವೇ ಇಲ್ಲಿಟ್ಟೆ," ಎಂದರು ಕಸ್ತೂರಿ. "ಬೆಳಗಿನ ಬಿಸಿಲು ಬೀಳೋದು ಇಲ್ಲೊಂದೇ ಕಡೆ."

ಆಂಟಿ ಒಂದು ಎಲೆಯನ್ನು ಬೆರಳಿನಿಂದ ಸವರಿ, ಬೆರಳನ್ನು ಮೈತ್ರೇಯಿಗೆ ತೋರಿಸಿದರು. ಬೆರಳು ಸ್ವಚ್ಛವಾಗಿತ್ತು. ಇದರಲ್ಲಿ ನೋಡುವುದೇನಿದೆ ಎಂದು ಮೈತ್ರೇಯಿಗೆ ತಿಳಿಯಲಿಲ್ಲ.

ಆಮೇಲೆ ಎಲ್ಲರನ್ನೂ ಡ್ರೈಯರಿನ ಮುಂದೆ ಸೇರಿಸಿ ಆಂಟಿ ಬಿಡಿಸಿ ಹೇಳಿದರು. "ಹಾಲ್‌ನ ಬಟ್ಟೆಯಿಂದ ಬೂಷ್ಟು ಬಂದಿದ್ದರೆ ಹಾಲ್‌ನಲ್ಲಿ ಇರಬೇಕಿತ್ತು. ಡ್ರೈಯರ್ ಒಣಗಿಸುವುದು ಬಿಟ್ಟದ್ದು ಜೂನ್‌ನಲ್ಲಿ. ಅದರ ಬಾಯಿಯ ಎದುರು ಎರಡು ತಿಂಗಳು ಕೂತ ಗಿಡದ ಮೇಲೆ ಬಟ್ಟೆಯ ಧೂಳು ಬೀಳಬೇಕು, ಬಿದ್ದಿಲ್ಲ. ಅಂದರೆ ಗಾಳಿ ಹೊರಗೆ ಹೋಗುತ್ತಲೇ ಇಲ್ಲ. ಆ ಹಬೆಯೆಲ್ಲ ಡ್ರೈಯರಿನಿಂದ ಕಿಂಡಿಗೆ ಹೋಗುವ ಕೊಳವೆಯ ಸಂದಿನಿಂದ ಈ ಗೋಡೆಗೆ ಇಳಿದಿದೆ. ಗುರುದತ್, ಆ ಕಿಂಡಿಗೆ ಕೈ ಹಾಕಿ ನೋಡು."

ಗುರುದತ್ ಹೊರಗೆ ಹೋಗಿ ಬಂದ. ಕೈಯಲ್ಲಿ ಸುರುಳಿ ಸುತ್ತಿದ ಹಳೆಯ ರೇಷ್ಮೆ ಸೀರೆಯ ತುಂಡಿತ್ತು. ಯಾರದೆಂದು ಕೇಳುವ ಅಗತ್ಯ ಬೀಳಲಿಲ್ಲ.

"ಎಲ್ಲರೂ ಉಟ್ಟುಬಿಟ್ಟ ಬಟ್ಟೆಯ ಗಾಳಿ ತುಲಸಿ ಮೇಲೆ ಬೀಸ್ತಿತ್ತು," ಎಂದರು ಕಸ್ತೂರಿ ಮೆಲ್ಲಗೆ. "ಮಡಿ ಸೀರೆ ಹರಿದು ನಾನೇ ತುರುಕಿದೆ. ಮಗುಗೆ ಹೀಗಾಗತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

"ಎರಡು ಸಲ ಆಂಬುಲೆನ್ಸ್‌ನಲ್ಲಿ ನೀವೇ ಅವಳ ಕೈ ಹಿಡ್ಕೊಂಡಿದ್ರಿ ಅತ್ತೆ," ಎಂದಳು ಪ್ರಣತಿ. ಅವಳ ದನಿ ಏರಲಿಲ್ಲ. ಗುರುದತ್ ತಲೆ ಎತ್ತಲಿಲ್ಲ.

"ಅವಳ ಟಿಕೆಟ್ ಮಾತ್ರ ಕ್ಯಾನ್ಸಲ್ ಮಾಡಪ್ಪ," ಎಂದರು ಕಸ್ತೂರಿ. "ನಂದು ಹಾಗೇ ಇರ್ಲಿ."

ನೀವೂ ಇರಿ ಎಂದು ಪ್ರಣತಿ ಹೇಳಿಯಾಳೆಂದು ಮೈತ್ರೇಯಿ ಕಾದಳು. ಪ್ರಣತಿ ಮಗಳನ್ನು ಎತ್ತಿಕೊಂಡು ಹೊರಗೆ ಹೋದಳು.