ಬಂದರು ಹೋಟೆಲಿನ ಮೂರನೆಯ ಕಂಬ

ಸೋಮವಾರ ಮಧ್ಯಾಹ್ನ ಒಂದೂವರೆಗೆ ಹೋಟೆಲ್ ಮಾಲೀಕರು ಠಾಣೆಗೆ ಓಡಿಬಂದರು. ತಲೆ, ಮೀಸೆ, ಅಂಗಿ ಎಲ್ಲದರ ಮೇಲೂ ಸುಣ್ಣದ ಪುಡಿ. ಊಟದ ಹಾಲಿನ ಚಾವಣಿ ಕುಸಿದಿದೆ, ಹಳೆಯ ಸಪ್ಲಯರ್ ತಲೆ ಒಡೆದುಕೊಂಡು ಆಸ್ಪತ್ರೆ ಸೇರಿದ್ದಾನೆ, ಇದು ಜಾಗದ ಮೇಲೆ ಕಣ್ಣಿಟ್ಟಿರುವ ಬಿಲ್ಡರನದೇ ಕಿತಾಪತಿ ಎಂದು ದೂರು.

"ಯಾವಾಗ ಆಗಿದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ಸಾರ್, ಆ ಚಾವಣೀನ ನಮ್ಮ ತಾತ ಹಾಕಿಸಿದ್ದು..."

"ಹಾಕಿಸಿದ್ದಲ್ಲ ಸ್ವಾಮೀ, ಬಿದ್ದಿದ್ದು."

"ಒಂದು ಗಂಟೆಗೆ. ಊಟದ ಹೊತ್ತು."

ಎಫ್‌ಐಆರ್ ದಾಖಲಾಯಿತು. ಸ್ಥಳಕ್ಕೆ ಹೋದರೆ ಮಾಲೀಕರ ಬಾಯಿಗೆ ಬೀಗವೇ ಇಲ್ಲ. ಹಡಗಿನ ಕಪ್ತಾನರಿಗೆಂದೇ ಕಟ್ಟಿದ ಎರಡಂತಸ್ತು, ಸಮುದ್ರದ ಗಾಳಿ ಒಳಗೆ ಬರಲೆಂದು ಆಳೆತ್ತರದ ಕಿಟಕಿಗಳು, ಗಾರೆಯಲ್ಲಿ ಅರಳಿಸಿದ ಹೂಬಳ್ಳಿ. ಹಾಲಿನ ಆರು ಕಬ್ಬಿಣದ ಕಂಬಗಳು ಹಡಗಿನಲ್ಲಿ ಬಂದವಂತೆ. ಒಳಗೆಲ್ಲ ಟೊಳ್ಳು. ಮಾಳಿಗೆಯ ಮಳೆನೀರು ಆ ಕಂಬಗಳೊಳಗೇ ಇಳಿದು ನೆಲದಡಿಯ ತೊಟ್ಟಿ ಸೇರುತ್ತದೆ. ಹೊರಗೆ ಒಂದು ಕೊಳವೆಯೂ ಕಾಣದು. ಕೇಳಿ ಕೇಳಿ ಇನ್ಸ್‌ಪೆಕ್ಟರರ ತಲೆ ಚಿಟ್ಟು ಹಿಡಿಯಿತು.

ಹೆಡ್ ಕಾನ್‌ಸ್ಟೆಬಲ್ ಮಾತ್ರ ಲಾಠಿಯಿಂದ ಒಂದೊಂದೇ ಕಂಬ ತಟ್ಟುತ್ತಾ ಹೋದರು. ಐದು ಕಂಬ ಠಣ್ ಎಂದವು. ಮೂರನೆಯದು ಮಂಕಾಗಿ ಸದ್ದು ಮಾಡಿತು. ಮಾಳಿಗೆಯಿಂದ ಕೊಕ್ಕೆ ಇಳಿಸಿ ಎಳೆದರೆ, ಹಳೆಯ ಪರದೆಯಲ್ಲಿ ಬಿಗಿಯಾಗಿ ಸುತ್ತಿದ ಹಾಸಿಗೆ ಹತ್ತಿ ಬಂತು. ಆ ಭಾಗದ ಮಳೆನೀರು ಇಳಿಯದೆ ಮಾಳಿಗೆಯಲ್ಲೇ ನಿಂತು, ಮಳೆಗಾಲವಿಡೀ ಜಿನುಗಿ ಗಾರೆಯನ್ನು ಕೊಳೆಸಿತ್ತು. ಪಂಚರ ಮುಂದೆ ಪಂಚನಾಮೆ ಬರೆದು ಹತ್ತಿಯನ್ನು ವಶಪಡಿಸಿಕೊಂಡರು.

"ಕಂಬ ಟೊಳ್ಳು ಅಂತ ಯಾರ್ ಯಾರಿಗೆ ಗೊತ್ತು?"

ಮಾಲೀಕರು ಎದೆಯುಬ್ಬಿಸಿದರು. "ಬಂದ ಗಿರಾಕಿಗಳಿಗೆಲ್ಲ ನಾನೇ ಹೇಳ್ತೀನಿ ಸಾರ್!"

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಮಾಳಿಗೆಯ ಬೀಗದ ಕೈ ಅಡುಗೆಮನೆಯ ಗೋಡೆಗೆ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಪರದೆಯೋ, ಹೋಟೆಲಿನ ಪ್ರತಿ ರೂಮಿನದ್ದೂ ಒಂದೇ ಬಟ್ಟೆ. ಬಿಲ್ಡರನ ಹಿಂದೆ ಬಿದ್ದು ಬುಧವಾರದವರೆಗೆ ಅಲೆದದ್ದೂ ದಂಡವಾಯಿತು. ಅವನ ಕಡೆಯವರು ಯಾರೂ ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಮೇಲಧಿಕಾರಿಗಳು ಫೋನಿನಲ್ಲಿ, "ಒಂದು ಚಾವಣಿಗೆ ಎಷ್ಟು ದಿನ ರೀ?" ಎಂದು ಉಗಿದರು. ಇನ್ಸ್‌ಪೆಕ್ಟರ್ ಆ ಸಿಟ್ಟನ್ನು ಜೀಪಿನ ಬಾಗಿಲಿನ ಮೇಲೆ ತೀರಿಸಿಕೊಂಡು ಆಸ್ಪತ್ರೆಗೆ ಹೊರಟರು.

ಸಪ್ಲಯರನ ತಲೆಗೆ ಬ್ಯಾಂಡೇಜು. ಪಕ್ಕದಲ್ಲಿ ಹಣ್ಣು, ಗಂಜಿಯ ಡಬ್ಬಿ.

"ಯಾರು ತಂದ್ಕೊಟ್ರು?"

"ನಮ್ಮ ಅಮ್ಮಾವ್ರು, ಯಜಮಾನರ ಹೆಂಡ್ತಿ. ದಿನಾ ಬರ್ತಾರೆ, ಬಂದಾಗೆಲ್ಲ ಅಳ್ತಾರೆ. ತಪ್ಪು ನಂದೇ ಸಾರ್. ಒಳಗೆ ಕಾಲಿಡಬೇಡ ಅಂದಿದ್ರು, ಸಕ್ಕರೆ ಡಬ್ಬಿ ತರೋಣ ಅಂತ ಹೋದೆ."

"ಕಾಲಿಡಬೇಡ ಅಂದಿದ್ರಾ? ಯಾವಾಗ?"

"ಅವತ್ತು ಬೆಳಗ್ಗೆ. ಚಾವಣಿ ನೋಡ್ತಾ ನಿಂತಿದ್ರು. ಆಮೇಲೆ ಮೇಜೆಲ್ಲ ವೆರಾಂಡಾಕ್ಕೆ ಹಾಕಿಸಿ ಹಾಲಿನ ಬಾಗಿಲು ಮುಚ್ಚಿಸಿದ್ರು."

ಊಟದ ಹೊತ್ತಿಗೆ ಊಟದ ಹಾಲಿನಲ್ಲಿ ಒಬ್ಬನೇ ಒಬ್ಬನಿದ್ದ. ಇದು ಮೊದಲ ದಿನವೇ ಹೊಳೆಯಬೇಕಿತ್ತು. ಇನ್ಸ್‌ಪೆಕ್ಟರ್ ತಮ್ಮನ್ನೇ ಬೈದುಕೊಂಡರು.

ಮಾಲೀಕರ ಹೆಂಡತಿ ವೆರಾಂಡಾದಲ್ಲಿ ಮೇಜು ಒರೆಸುತ್ತಿದ್ದರು.

"ಚಾವಣಿ ಬೀಳುತ್ತೆ ಅಂತ ನಿಮಗೆ ಗೊತ್ತಿತ್ತು. ಯಜಮಾನರಿಗೆ ಯಾಕಮ್ಮಾ ಹೇಳಲಿಲ್ಲ?"

ಆಕೆ ಬಟ್ಟೆ ಕೆಳಗಿಟ್ಟರು. "ಹೇಳಿದ್ರೆ ರಿಪೇರಿ ಮಾಡಿಸ್ತಿದ್ರು."

"ಹತ್ತಿ ತುರುಕಿದ್ದು?"

"ನಾನೇ. ಕಟ್ಟಡ ಅಪಾಯ ಅಂತ ಇಂಜಿನಿಯರ್ ಬರೆದುಕೊಟ್ರೆ ಇವರು ಹೋಟೆಲ್ ಮಾರ್ತಾರೆ ಅನ್ಕೊಂಡೆ. ಯಾರಿಗೂ ಪೆಟ್ಟಾಗಬಾರದು ಅಂತ ಬಾಗಿಲು ಮುಚ್ಚಿಸಿದೆ. ಆ ಮುದುಕ ಹೋಗಿಬಿಟ್ಟ." ಬಟ್ಟೆ ಎತ್ತಿಕೊಂಡು ಮತ್ತೆ ಮೇಜು ಒರೆಸತೊಡಗಿದರು. "ಮದುವೆಯಾದಾಗಿಂದ ಒಂದು ಮನೆ ಮಾಡಿ ಅಂತ ಕೇಳ್ತಿದೀನಿ. ಗಿರಾಕಿ ಬಂದ್ರೆ ನಮ್ಮ ರೂಮು ಬಿಟ್ಕೊಟ್ಟು ಖಾಲಿ ಇರೋದಕ್ಕೆ ಹೋಗಬೇಕು. ಮಗಳ ಬಾಣಂತನದಲ್ಲೂ ಎರಡು ಸಲ ರೂಮು ಬದಲಾಯಿಸಿದೀನಿ. ಟ್ರಂಕು ಪೂರ್ತಿ ಬಿಚ್ಚಿದ್ದೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಮಾಲೀಕರ ಮುಖ ಬಿಳಿಚಿತು. "ಆ ಕಂಬಕ್ಕೇ ತುರುಕಿದ್ಯೇನೇ? ಅದು ಹಡಗಿನಲ್ಲಿ ಬಂದಿದ್ದು ಕಣೇ!"

"ಗೊತ್ತು ರೀ. ನಾನು ಎಲ್ಲಿಂದ ಬಂದೆ ಅಂತ ಯಾವ ಗಿರಾಕಿಗಾದ್ರೂ ಹೇಳಿದೀರಾ?"

ಮಾಲೀಕರು ದೂರು ವಾಪಸ್ ತಗೊಳ್ತೀನಿ ಎಂದು ಅಂಗಲಾಚಿದರು. ಒಬ್ಬನ ತಲೆ ಒಡೆದಿತ್ತು, ಇನ್ಸ್‌ಪೆಕ್ಟರ್ ಒಪ್ಪುವಂತಿರಲಿಲ್ಲ. ಕೇಸು ಬಗೆಹರಿದ ಸಮಾಧಾನ ಅವರಿಗೆ ಎಳ್ಳಷ್ಟೂ ಆಗಲಿಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಮಹಿಳಾ ಕಾನ್‌ಸ್ಟೆಬಲ್ ಹೆಸರು, ವಯಸ್ಸು ಬರೆದುಕೊಂಡು ತಲೆಯೆತ್ತಿದಳು.

"ಮನೆ ವಿಳಾಸ ಹೇಳಿ ಅಮ್ಮಾ."

ಆಕೆ ಬೆರಳು ಮಡಚಿ ರೂಮುಗಳನ್ನು ಎಣಿಸಿದರು.

"ಈ ವಾರದ್ದು ಹೇಳಲಾ?"