ಮಸಿ ಮುಟ್ಟಬಾರದ ಪುಸ್ತಕ

ತೆರೆದು ನೋಡದೆ ಸುಟ್ಟುಬಿಡುತ್ತೇನೆ ಎಂದು ಆಣೆ ಮಾಡಿದಾಗ ಅವಳಿಗೆ ಹನ್ನೊಂದು ವರ್ಷ. ಆಣೆ ಮಾಡಿಸಿಕೊಂಡವಳು ದೊಡ್ಡಮ್ಮ, ಅಮ್ಮನ ಅಕ್ಕ. ತಾಯಿಯಿಲ್ಲದ ಅವಳನ್ನು ಮಡಿಲಲ್ಲಿಟ್ಟು ಸಾಕಿದವಳು, ಪುಸ್ತಕಗಳಿಗೆ ರಟ್ಟು ಹಾಕಿ ಹೊಲಿಯುವ ಬೈಂಡಿಂಗ್ ಅಂಗಡಿಯನ್ನು ಒಬ್ಬಳೇ ನಡೆಸಿದವಳು. ಬೀರುವಿನ ತಲೆಯ ಮೇಲಿದ್ದ ಕಪ್ಪು ಬಟ್ಟೆ ರಟ್ಟಿನ ಪುಸ್ತಕವನ್ನು ತೋರಿಸಿ, ನಾನು ಹೋದ ದಿನ ಇದನ್ನು ಒಲೆಗೆ ಹಾಕಬೇಕು ಎಂದಿದ್ದಳು. ನೀನೇ ಈಗ ಹಾಕಿಬಿಡು ಎಂದು ಹುಡುಗಿ ಹೇಳಿದ್ದಕ್ಕೆ, ಬರೆದ ಕೈಯಿಂದ ಅದು ಆಗುವುದಿಲ್ಲ ಎಂದಷ್ಟೇ ಉತ್ತರಿಸಿ, ಅಂಟು ಒಣಗಿ ಬಿರಿದ ಅಂಗೈಯನ್ನು ಮುಂದೆ ಚಾಚಿದಳು. ಹುಡುಗಿಗೆ ಆಟದ ಅವಸರ. ಅಂಗೈ ಮೇಲೆ ಅಂಗೈ ಬಡಿದು ಓಡಿಹೋದಳು.

ಇಪ್ಪತ್ತನಾಲ್ಕು ವರ್ಷಗಳ ನಂತರ, ದೊಡ್ಡಮ್ಮ ತೀರಿಕೊಂಡ ಎರಡನೆಯ ವಾರ ಅಂಗಡಿ ಖಾಲಿ ಮಾಡಲು ಬಂದಾಗ ಆ ಆಣೆ ಅವಳಿಗೆ ಮರೆತುಹೋಗಿತ್ತು ಎಂದೇನಿಲ್ಲ. ನೆನಪಿತ್ತು. ನಗು ಬಂತು, ಅಷ್ಟೇ.

ಅವಳು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಗಂಡ ಬೇರೆಯಾಗಿ ಮೂರು ವರ್ಷ. ಆರು ವರ್ಷದ ಮಗಳು, ಅಡುಗೆಮನೆ, ಶಾಲೆಯ ನೋಟ್ಸು, ಎಲ್ಲ ಅವಳ ಬೆನ್ನ ಮೇಲೆಯೇ. ಇವುಗಳ ನಡುವೆ ಅವಳದೇ ಆಗಿದ್ದದ್ದು ಒಂದೇ ಒಂದು ಗೀಳು. ಹಳೆಯ ಪುಸ್ತಕದ ಹಾಳೆಯೊಂದನ್ನು ತೆಗೆದುಕೊಂಡು, ಇಷ್ಟವಾದ ನಾಲ್ಕಾರು ಪದಗಳಿಗೆ ಪೆನ್ಸಿಲಿನಲ್ಲಿ ಚೌಕ ಹಾಕುವುದು. ಮಿಕ್ಕಿದ್ದಕ್ಕೆಲ್ಲ ಕಪ್ಪು ಮಸಿ ಬಳಿಯುವುದು. ಮಸಿಯ ನಡುವೆ ಉಳಿದ ಪದಗಳೇ ಕವಿತೆ. ಸುತ್ತ ಹರಿದ ನಕ್ಷೆ, ಹಳೆಯ ಟಿಕೆಟ್ಟು, ಬಟ್ಟೆಯ ಚೂರು ಅಂಟಿಸಿದರೆ ಚಿತ್ರ. ಇದನ್ನು ಕಂಡ ಗ್ಯಾಲರಿಯವರು ಮುಂದಿನ ಪ್ರದರ್ಶನದಲ್ಲಿ ಒಂದು ಇಡೀ ಗೋಡೆ ಕೊಡುತ್ತೇವೆ ಎಂದಿದ್ದರು. ಮೂವತ್ತೈದು ವರ್ಷಕ್ಕೆ ಮೊದಲ ಸಲ ಅವಳ ಪಾಲಿಗೆ ಒಂದು ಗೋಡೆ.

ಅಂಗಡಿಯ ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ಹುಳಿತ ಮೈದಾ ಅಂಟು, ಅದಕ್ಕೆ ಹುಳ ಬೀಳದಿರಲೆಂದು ಬೆರೆಸುವ ಮೈಲುತುತ್ತ, ತೇವ ರಟ್ಟು, ಇವೆಲ್ಲದರ ವಾಸನೆ ಅಲ್ಲಿ ಪದರ ಪದರವಾಗಿ ಕೂತಿತ್ತು. ಬೀರುವಿನ ಮೇಲಿಂದ ಇಳಿಸಿದ ಕಪ್ಪು ಪುಸ್ತಕದ ಮೂರೂ ಅಂಚುಗಳನ್ನು ಅಂಟು ಬಳಿದು ಮುಚ್ಚಿದ್ದರು. ಅವಳು ಚಾಕು ತೂರಿಸುತ್ತಿದ್ದಂತೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಗೋಂದಜ್ಜ. ನಲವತ್ತು ವರ್ಷ ಆ ಅಂಗಡಿಯಲ್ಲಿ ಅಂಟು ಕಾಯಿಸಿದ ಮುದುಕ. ಬೀದಿಯ ಮಕ್ಕಳು ಇಟ್ಟ ಹೆಸರು ಅವನಿಗೂ ಒಗ್ಗಿಹೋಗಿತ್ತು.

"ಅದನ್ನ ಕೆಳಗಿಡು ತಾಯಿ," ಎಂದ. "ಮಸಿ ಮುಟ್ಟಿಸಿದ್ರೆ ಬಾಯಿ ಹೋಗತ್ತೆ."

"ಹೌದಾ ಅಜ್ಜ? ಹಾಗಾದ್ರೆ ನಮ್ಮ ಹೆಡ್‌ಮಾಸ್ಟರಿಗೆ ಎರಡು ಪುಟ ಎತ್ತಿಡ್ತೀನಿ."

ಮುದುಕ ನಗಲಿಲ್ಲ. ಏನೋ ಹೇಳಲು ಬಾಯಿ ತೆರೆದ, ತನ್ನ ಕೈಗಳನ್ನೊಮ್ಮೆ ನೋಡಿಕೊಂಡ, ಹೇಳದೆಯೇ ಹೊರಟುಹೋದ. ಯಾರ ಬಾಯಿ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ.

ಹಾಳೆಗಳು ಬಿಟ್ಟುಕೊಂಡದ್ದು ಗಾಯದ ಹಕ್ಕಳೆ ಕಿತ್ತ ಹಾಗೆ, ಚರಕ್ಕೆಂದು. ಒಳಗೆ ದೊಡ್ಡಮ್ಮನ ದುಂಡು ಅಕ್ಷರ. ಯಾವುದೋ ಹೆಂಗಸಿನ ದಿನನಿತ್ಯದ ಮಾತುಗಳನ್ನು ಸಾಲುಸಾಲಾಗಿ ಬರೆದಿಟ್ಟಂತಿತ್ತು. ನೀರು ಕಾದಿದೆಯಾ. ಯಾಕೆ ಇಷ್ಟು ತಡ. ಬಾಗಿಲು ತೆಗಿ, ನಾನು. ಮೊದಲರ್ಧದ ಪುಟಗಳಲ್ಲಿ ಆ ಸಾಲುಗಳ ಮೇಲೆ ಕಪ್ಪು ಮಸಿ, ಸ್ಕೇಲು ಹಿಡಿದಂತೆ ನೇರವಾಗಿ, ಒಂದೊಂದು ಸಾಲಿನ ಪಕ್ಕ ಒಂದೊಂದು ತಾರೀಖು. ಉಳಿದರ್ಧದ ಒಂಬತ್ತು ಹಾಳೆಗಳು ಮಾತ್ರ ಹಾಗೇ ಇದ್ದವು. ಅವಳ ಮೈ ಜುಮ್ಮೆಂದಿತು, ಭಯದಿಂದಲ್ಲ. ಎಲಾ ದೊಡ್ಡಮ್ಮ, ನೀನೂ ಇದನ್ನೇ ಮಾಡುತ್ತಿದ್ದೆಯಾ? ನನಗಿಂತ ಮೊದಲೇ? ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸಬೇಕಾದವಳು ತಾನೇ ಎಂದು ಅವಳಿಗೆ ಆ ಕ್ಷಣದಲ್ಲಿ ಖಚಿತವಾಯಿತು. ಒಂಬತ್ತು ಹಾಳೆಗಳನ್ನೂ ಬಿಡಿಸಿಕೊಂಡು, ಮೇಜಿನ ಮೇಲಿದ್ದ ಮಸಿಯ ದೌತಿಯನ್ನೂ ಎತ್ತಿಕೊಂಡು ಮನೆಗೆ ಬಂದಳು.

ಮೊದಲ ಹಾಳೆಗೆ ಕೂತದ್ದು ಶನಿವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ. ಮಗಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಬಾಯಿಗೆ ಬೀಗವೇ ಇರಲಿಲ್ಲ. ಇರುವೆಗೆ ನಿದ್ದೆ ಬರುತ್ತದಾ ಎಂದು ಕೇಳಿದಳು. ಬರುವುದಿಲ್ಲ ಎಂದರೆ ಯಾಕೆ. ಗೊತ್ತಿಲ್ಲ ಎಂದರೆ ಯಾಕೆ ಗೊತ್ತಿಲ್ಲ. ಗಲ್ಲವನ್ನು ಮೇಜಿಗಿಟ್ಟು, ಕುಂಚದ ಪಕ್ಕದಲ್ಲೇ ಬಿಸಿ ಉಸಿರು ಬಿಡುತ್ತ, ಯಾಕೆ, ಯಾಕೆ, ಯಾಕೆ.

"ಎರಡೇ ಎರಡು ನಿಮಿಷ ಬಾಯಿ ಮುಚ್ಕೊಂಡಿರು ನೋಡೋಣ," ಎಂದಳು ತಾಯಿ, ಹಲ್ಲು ಕಚ್ಚಿ.

ಮಸಿ ಬಳಿಯುತ್ತ ಹೋದಳು. ಆ ಪುಟದಲ್ಲಿ ಮೂರು ಕಡೆ ಇದ್ದ ಯಾಕೆ ಎಂಬ ಪದ ಮೂರೂ ಕಡೆ ಮುಚ್ಚಿಹೋಯಿತು. ಅಂಗಡಿಯ ಮಸಿಯೇ, ದೊಡ್ಡಮ್ಮನ ದೌತಿಯದು. ಎಷ್ಟು ಹೊತ್ತಾದರೂ ಆರಲಿಲ್ಲ. ಕತ್ತಲೆ ನೆನೆದು ಮಲಗಿದ ಹಾಗೆ ಹಸಿಹಸಿಯಾಗಿ ಹೊಳೆಯಿತು. ಉಳಿದ ಪದಗಳು ಮಾತ್ರ ಚೆಂದ ಕಂಡವು: ಬಿಸಿಲು. ಒಳಗೆ ಬಾ. ಯಾರೂ ಇಲ್ಲ.

ಮರುದಿನ ಮನೆಯಲ್ಲಿ ಏನೋ ಕಡಿಮೆಯಾಗಿತ್ತು. ಪಾತ್ರೆ ತೊಳೆಯುವಾಗ ಹೊಳೆಯಿತು: ಮಗಳು ಬೆಳಗಿನಿಂದ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವಳು ನಲ್ಲಿ ನಿಲ್ಲಿಸಿ ಆ ನಿಶ್ಶಬ್ದವನ್ನು ಆಲಿಸಿದಳು. ಎಷ್ಟು ಹಾಯಾಗಿತ್ತೆಂದರೆ, ಹೀಗೇ ಇದ್ದುಬಿಡಲಿ ಎಂದುಕೊಂಡಳು. ಕೈ ಒರೆಸಿಕೊಂಡು ಎರಡನೆಯ ಹಾಳೆಗೆ ಕೂತಳು.

ಮೂರನೆಯ ಹಾಳೆಯ ಹೊತ್ತಿಗೆ ಮಗು ನೀರಿನ ಹೂಜಿಯತ್ತ ಬೆರಳು ತೋರಿಸಿ ಅದು, ಅದು ಎನ್ನತೊಡಗಿತು. ನಾಲ್ಕನೆಯದಾದ ಮೇಲೆ ಅದು ಎಂಬುದೂ ನಿಂತಿತು. ಡಾಕ್ಟರ ಹತ್ತಿರ ಓಡಿದಳು. ತಂದೆ ತಾಯಿ ಬೇರೆಯಾದ ಮನೆಯ ಮಕ್ಕಳಲ್ಲಿ ಹೀಗಾಗುತ್ತದೆ, ಸ್ವಲ್ಪ ದಿನ ಕಾಯಿರಿ, ಒತ್ತಾಯ ಮಾಡಬೇಡಿ ಎಂದರು. ಕಾಯುವುದಾದರೆ ಕೆಲಸ ಮಾಡುತ್ತಲೇ ಕಾಯಬಹುದಲ್ಲ ಎಂದುಕೊಂಡಳು. ಇನ್ನು ಮೂರು ವಾರಕ್ಕೆ ಪ್ರದರ್ಶನ. ಒಳಗೆಲ್ಲೋ ಒಂದು ದನಿ ಮುದುಕನ ಎಚ್ಚರಿಕೆಯನ್ನು ಪಿಸುಗುಟ್ಟುತ್ತಿತ್ತು. ಕೇಳಿಸಲಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಅದು ಸುಳ್ಳು. ಕೇಳಿಸಿತ್ತು. ಐದು, ಆರು, ಏಳು ಮುಗಿಸಿದಳು.

ಎಂಟನೆಯದು ಮುಗಿದ ಮಧ್ಯಾಹ್ನ ಕರೆಂಟು ಹೋಯಿತು. ಪರದೆ ಎಳೆದ ಮನೆ ಮಬ್ಬಾಯಿತು. ಮಲಗುವ ಕೋಣೆಯಿಂದ ಗೊಣಗುಟ್ಟುವ ಸದ್ದು ಕೇಳಿ, ಒಳಗೆ ಯಾರಿದ್ದಾರೆ ಪುಟ್ಟಾ ಎಂದು ಕೂಗಿದಳು.

"ಯಾರೂ ಇಲ್ಲ," ಎಂದಿತು ಮಗು.

ಎಷ್ಟೋ ದಿನದ ಮೇಲೆ ಕೇಳಿದ ದನಿ. ಓಡಿಹೋದಳು. ಮಗು ಗೋಡೆಗೆ ಮುಖ ಮಾಡಿ ನಿಂತಿತ್ತು. ಅಮ್ಮ ಅನ್ನು, ಒಂದು ಸಲ ಅಮ್ಮ ಅನ್ನು ಎಂದು ಭುಜ ಹಿಡಿದು ತಿರುಗಿಸಿದಳು. ಮಗು ತುಟಿ ಕೂಡಿಸಿತು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಆ ಪದ ಬರಲೇ ಇಲ್ಲ.

"ಬಿಸಿಲು," ಎಂದಿತು. "ಒಳಗೆ ಬಾ."

ಅದರ ಉಸಿರಿನಲ್ಲಿ ಹುಳಿತ ಅಂಟಿನ ವಾಸನೆ. ಮಗುವಿನ ಬಾಯಿ ಅಗಲಿಸಿ, ಮೊಬೈಲಿನ ಬೆಳಕು ಬಿಟ್ಟಳು. ನಾಲಿಗೆಯ ಮೇಲೆ ಕಪ್ಪು ಪಟ್ಟಿಗಳು. ಒಂದರ ಕೆಳಗೊಂದು. ಸ್ಕೇಲು ಹಿಡಿದಂತೆ ನೇರ. ಬೆರಳಿಂದ ಮುಟ್ಟಿದಳು. ಹಸಿಯಾಗಿತ್ತು.

ಒಂಬತ್ತು ಹಾಳೆಗಳನ್ನೂ ದೌತಿಯನ್ನೂ ಮಗುವನ್ನೂ ಬಾಚಿಕೊಂಡು, ಇನ್ನೂ ಪೂರ್ತಿ ಖಾಲಿಯಾಗದ ಅಂಗಡಿಯಲ್ಲಿದ್ದ ಗೋಂದಜ್ಜನ ಮುಂದೆ ಬಂದು ಬಿದ್ದಳು. ಮುದುಕ ಹಾಳೆಗಳನ್ನು ನೋಡಿದ, ಮಗುವನ್ನು ನೋಡಿದ, ಕೂತಲ್ಲೇ ಕುಸಿದ. ಆಮೇಲೆ ನೆಲ ನೋಡುತ್ತ ಎಲ್ಲ ಹೇಳಿದ. ದೊಡ್ಡಮ್ಮನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಅಂಗಡಿಗೆ ತಾಗಿದ ಮನೆಯಲ್ಲೇ ಇದ್ದಳಂತೆ. ಇಲ್ಲಸಲ್ಲದ್ದನ್ನು ಹಬ್ಬಿಸಿ ದೊಡ್ಡಮ್ಮನ ಸಂಸಾರವನ್ನೇ ಒಡೆದಳಂತೆ. ದೊಡ್ಡಮ್ಮ ಹೊಟ್ಟೆಯುರಿ ತಾಳಲಾರದೆ ಒಬ್ಬ ಮಾಟಗಾರನ ಬಳಿ ಹೋದಳು. ಅವಳಾಡುವ ಮಾತುಗಳನ್ನೆಲ್ಲ ಬರೆ, ದಿನಕ್ಕೊಂದು ಸಾಲಿಗೆ ಮಸಿ ಬಳಿ, ಬಳಿಯುವಾಗ ಅವಳನ್ನೇ ನೆನೆ ಎಂದನಂತೆ ಅವನು. ಅರ್ಧ ಪುಸ್ತಕವಾಗುವಷ್ಟರಲ್ಲಿ ಓರಗಿತ್ತಿ ಮೂಕಿಯಾದಳು. ಒಂದು ದಿನ ಬಚ್ಚಲಲ್ಲಿ ಜಾರಿಬಿದ್ದು ಎರಡು ಗಂಟೆ ಒದ್ದಾಡಿದಳು. ಗೋಡೆಯ ಈಚೆ ಜನರಿದ್ದರು. ಕರೆಯಲು ಒಂದು ಪದವೂ ಅವಳ ಬಳಿ ಉಳಿದಿರಲಿಲ್ಲ.

"ಆ ಮಸಿ ಕಾಯಿಸಿದ್ದು ಈ ಕೈ," ಎಂದ ಗೋಂದಜ್ಜ. "ಅದಕ್ಕೇ ಅವತ್ತು ಪೂರ್ತಿ ಹೇಳೋಕೆ ನಾಚಿಕೆ ಆಯ್ತು. ಬಳಿಯೋವಾಗ ಯಾರು ನೆನಪಲ್ಲಿರ್ತಾರೋ ಅವರ ಬಾಯಿ ಕಟ್ಟತ್ತೆ ತಾಯಿ. ನೀನು ಯಾರನ್ನ ನೆನೆಸ್ಕೊಂಡೆ?"

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಪ್ರತಿ ಹಾಳೆಯಲ್ಲೂ, ಪ್ರತಿ ಸಾಲಿನಲ್ಲೂ ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ಹುಡುಗಿ ಸ್ವಲ್ಪ ಸುಮ್ಮನಿದ್ದರೆ ಸಾಕು.

ಬಿಡಿಸುವ ದಾರಿ ಒಂದಿತ್ತು, ಅದನ್ನೂ ಅವನೇ ಹೇಳಿದ. ಒಬ್ಬರ ಬಾಯಿ ಬಿಡಬೇಕಾದರೆ ಇನ್ನೊಬ್ಬರು ತಮ್ಮದನ್ನು ಕೊಡಬೇಕು. ಒಂದು ಇಡೀ ಪುಟವನ್ನು, ಒಂದು ಪದವನ್ನೂ ಉಳಿಸದೆ, ಪುಸ್ತಕ ಹುಟ್ಟಿದ ಕೋಣೆಯಲ್ಲೇ ಕೂತು, ತನ್ನನ್ನು ಮಾತ್ರ ನೆನೆದು ಬಳಿಯಬೇಕು. ದೊಡ್ಡಮ್ಮ ಓರಗಿತ್ತಿಗಾಗಿ ಕುಂಚ ಹಿಡಿದು ಒಂದು ವಾರ ಅಲ್ಲೇ ಕೂತಿದ್ದಳಂತೆ. ಧೈರ್ಯ ಸಾಲದೆ ನಾಳೆ ನಾಳೆ ಎನ್ನುತ್ತಿರುವಾಗಲೇ ಬಚ್ಚಲಲ್ಲಿ ಅದು ನಡೆದುಹೋಯಿತು.

"ಬೇರೆಯವರ ನೆನಪು ನುಸುಳಿದ್ರೆ ಅವರದ್ದೇ ಹೋಗತ್ತೆ," ಎಂದ ಮುದುಕ. "ಹುಷಾರು. ಮಗೂನೇ ನೆನೆದರೆ ಉಳಿದ ನಾಲ್ಕು ಪದಾನೂ ಇರಲ್ಲ."

ಒಂಬತ್ತನೆಯ ಹಾಳೆಯನ್ನು ಕಿಟಕಿಯಿಲ್ಲದ ಕೋಣೆಯ ಮೇಜಿನ ಮೇಲೆ ಹರಡಿ ಬಾಗಿಲು ಮುಚ್ಚಿಕೊಂಡಳು. ಮಿಣುಕುವ ಒಂದು ಬಲ್ಬು. ದೌತಿಯಲ್ಲಿ ಮಸಿ ತಾನಾಗಿ ಒಮ್ಮೆ ಮಿಸುಕಿತು. ಕುಂಚ ಅದ್ದಿದಳು. ನಾನು, ಎಂದುಕೊಂಡಳು. ನಾನು, ನಾನು. ತನ್ನ ಮುಖ ನೆನೆಯಲು ಹೋದರೆ ಪಕ್ಕದಲ್ಲಿ ಮಗಳ ಮುಖ. ತನ್ನ ಕೈ ನೆನೆದರೆ ಅದರ ಬೆರಳು ಹಿಡಿದ ಪುಟ್ಟ ಕೈ. ಕುಂಚ ಎತ್ತಿದಳು. ಎರಡು ತಿಂಗಳು ಬರೀ ತನ್ನ ಗೋಡೆ, ತನ್ನ ಚಿತ್ರ ಎಂದುಕೊಂಡೇ ಇದ್ದವಳಿಗೆ ಈಗ, ಬೇಕಾದ ಈ ಹೊತ್ತಿನಲ್ಲಿ, ತಾನೊಬ್ಬಳೇ ಎಲ್ಲೂ ಸಿಗುತ್ತಿಲ್ಲ.

ಬಾಗಿಲ ಆಚೆ ಮಗು ಬಡಿಯಿತು.

"ಒಳಗೆ ಬಾ. ಒಳಗೆ ಬಾ."

ನೆನೆಯಬಾರದು. ಕಿವಿ ಮುಚ್ಚಿಕೊಂಡಳು. ಬಲ್ಬು ಆರಿತು. ಕತ್ತಲೆ. ಅಂಟಿನ ವಾಸನೆ ಮೂಗಿಗೆ ಅಡರಿತು. ಕತ್ತಲಲ್ಲಿ ಯಾರೋ ನೆಲದ ಮೇಲೆ ತೆವಳಿದ ಸದ್ದು. ಒದ್ದೆ ನೆಲ. ಒದ್ದೆ ಕೈ. ಅದು ಅವಳ ಪಾದ ಹಿಡಿಯಿತು. ಬಾಯಿ ತೆರೆದು, ಮುಚ್ಚಿ, ತೆರೆದು, ಮಾತಿಲ್ಲದೆ ಉಸಿರೆಳೆಯಿತು.

ಆಗ ಸಿಕ್ಕಿತು. ನಲ್ಲಿ ನಿಲ್ಲಿಸಿ ಮಗಳ ಮೌನವನ್ನು ಆಲಿಸಿದ ಆ ಗಳಿಗೆ. ಹಾಯೆನಿಸಿದ್ದು. ಹೀಗೇ ಇರಲಿ ಎಂದುಕೊಂಡದ್ದು. ಅದು ಮಗಳದಲ್ಲ. ದೊಡ್ಡಮ್ಮನದಲ್ಲ. ಗಂಡನದೂ ಅಲ್ಲ. ಅವಳೊಬ್ಬಳದೇ. ಅದನ್ನು ಕಚ್ಚಿ ಹಿಡಿದಳು. ಬಳಿದಳು. ಪಾದದ ಮೇಲಿನ ಹಿಡಿತ ಬಿಗಿಯಾಯಿತು. ಬಳಿದಳು. ನಾಲಿಗೆ ಮರಗಟ್ಟಿತು. ಗಂಟಲಿಗೆ ತಣ್ಣಗೆ ಏನೋ ಇಳಿಯಿತು. ಬಳಿದಳು. ಸಾಲಿನ ಮೇಲೆ ಸಾಲು, ಅಂಚಿನಿಂದ ಅಂಚಿಗೆ. ಕುಂಚ ಒಣಗುವ ತನಕ.

ಬಲ್ಬು ಹತ್ತಿದಾಗ ಹಾಳೆಯಲ್ಲಿ ಬಿಳಿಯ ಚುಕ್ಕೆಯೂ ಉಳಿದಿರಲಿಲ್ಲ. ಪಾದದ ಬಳಿ ಯಾರೂ ಇರಲಿಲ್ಲ.

ಬಾಗಿಲು ದೂಡಿಕೊಂಡು ಗಿಣಿ ಬಂದಳು. "ಅಮ್ಮ, ಈ ಅಜ್ಜ ಅಳ್ತಿದಾರೆ, ಯಾಕೆ? ನಂಗೆ ನೀರು ಬೇಕು. ನೀನ್ಯಾಕೆ ಅಳ್ತಿದೀಯ? ಅಮ್ಮ, ಯಾಕೆ?"

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಮಗಳು ಅವಳ ಬಾಯೊಳಗೆ ಇಣುಕಿ, ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

ಗೋಂದಜ್ಜ ಒಂಬತ್ತೂ ಹಾಳೆಗಳನ್ನು ಮತ್ತೆ ಹೊಲಿದು, ಅಂಚಿಗೆ ಅಂಟು ಬಳಿದು, ಪುಸ್ತಕವನ್ನು ಅವಳ ಕೈಗಿಟ್ಟ. ಇದನ್ನಿನ್ನು ಸುಡುವಂತಿಲ್ಲ ಎಂದ. ಸುಟ್ಟರೆ ಕೊಟ್ಟದ್ದೂ ಸುಡುತ್ತದೆ, ಮಗುವಿನ ಬಾಯಿ ತಿರುಗಿ ಕಟ್ಟುತ್ತದೆ. ಕಾಯುವುದಷ್ಟೇ ಉಳಿದದ್ದು. ಗ್ಯಾಲರಿಯ ಗೋಡೆ ಇನ್ಯಾರಿಗೋ ಹೋಯಿತು. ಶಾಲೆಯಲ್ಲಿ ಅವಳನ್ನು ಮಕ್ಕಳಿಂದ ಬಿಡಿಸಿ ಸಾಮಾನಿನ ಸ್ಟೋರ್ ರೂಮಿಗೆ ಹಾಕಿದರು.

ಪುಸ್ತಕ ಈಗ ಅವಳ ಬೀರುವಿನ ಮೇಲಿದೆ. ಮಗಳು ಸ್ಟೂಲು ಎಳೆದುಕೊಂಡು ಅದನ್ನು ನೋಡುತ್ತಾಳೆ, ಒಳಗೇನಿದೆ ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ಅವಳಿಗೂ ಬಣ್ಣದ ಹುಚ್ಚು ಹತ್ತಿದೆ. ಮುಟ್ಟಬೇಡ ಎನ್ನಲು ತಾಯಿಗೆ ನಾಲಿಗೆಯಿಲ್ಲ. ಬರೆದು ತೋರಿಸೋಣವೆಂದರೆ ಪೆನ್ನು ಕಾಗದ ಮುಟ್ಟಿದೊಡನೆ ಕೈ ತಾನಾಗಿ ನೇರ ಗೆರೆ ಎಳೆಯುತ್ತದೆ, ಕಪ್ಪಗೆ, ಅಂಚಿನಿಂದ ಅಂಚಿಗೆ.

ತೆರೆಯದೆ ಸುಡುತ್ತೇನೆಂದು ಆಣೆ ಮಾಡಿದ್ದಳು. ತೆರೆದಳು. ಸುಡಲಿಲ್ಲ.